ಮತ್ತೆ ಕಟ್ಟಬಲ್ಲ ಗಣಕ

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10 ಎಂಬ ತನ್ನ ಕಾರ್ಯಾಚರಣಾ ವ್ಯವಸ್ಥೆಗೆ ನೀಡುತ್ತಿದ್ದ ಸಾಮಾನ್ಯ ಸುರಕ್ಷತಾ ಪರಿಷ್ಕರಣೆಯನ್ನು ಕೊನೆಗೊಳಿಸಿತು. ಆ ದಿನ ಯಾವ ಗಣಕವೂ ನಿಂತುಹೋಗಲಿಲ್ಲ. ಮರುದಿನವೂ ಅವು ಎಂದಿನಂತೆ ತೆರೆದುಕೊಂಡವು. ಒಂದು ವರ್ಷದ ಹೆಚ್ಚುವರಿ ಕಾವಲನ್ನು 2026ರ ಅಕ್ಟೋಬರ್ 13ರವರೆಗೆ ಎಂದು ಸಂಸ್ಥೆ ಘೋಷಿಸಿತ್ತು. ಆದರೆ ಮುಂದಿನ ವಿಂಡೋಸ್ 11, ಹಳೆಯ ಯಂತ್ರಗಳನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಸಂಸ್ಥೆ ಕೇಳುವ ಭದ್ರತಾ ಚಿಪ್ ಮತ್ತು ಹೊಸ ತಲೆಮಾರಿನ ಸಂಸ್ಕಾರಕ ಇಲ್ಲದ ಗಣಕವು ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಅಧಿಕೃತವಾಗಿ ಅನರ್ಹವಾಗಿದೆ.

ಈ ಕಾರಣದಿಂದ ಜಗತ್ತಿನಲ್ಲಿ ಸುಮಾರು 24 ಕೋಟಿ ಗಣಕಗಳು ಕಸವಾಗಬಹುದೆಂದು ಕೆನಾಲಿಸ್ ಎಂಬ ಮಾರುಕಟ್ಟೆ ಅಧ್ಯಯನ ಸಂಸ್ಥೆ 2023ರ ಡಿಸೆಂಬರಿನಲ್ಲಿಯೇ ಅಂದಾಜು ಮಾಡಿತ್ತು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯಂತೆ 2022ನೇ ಇಸವಿಯೊಂದರಲ್ಲೇ 6.2 ಕೋಟಿ ಟನ್ ವಿದ್ಯುನ್ಮಾನ ತ್ಯಾಜ್ಯ ಉತ್ಪತ್ತಿಯಾಗಿತ್ತು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇಕಡಾ 22.3 ಮಾತ್ರ. ಉಳಿದ ಸೀಸ, ಪಾದರಸ, ಸುಟ್ಟ ತಂತಿಯ ಹೊಗೆ ಎಲ್ಲಿಗೆ ಸೇರುತ್ತವೆ ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಸದ ಲೆಕ್ಕಕ್ಕಿಂತ ಮೊದಲು ಹಳ್ಳಿಯವರು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಶಾಲೆಯಲ್ಲಿ, ಗ್ರಂಥಾಲಯದಲ್ಲಿ, ಸಹಕಾರ ಸಂಘದಲ್ಲಿ ಇರುವ ಗಣಕವು ನಾಳೆ ಬೆಳಿಗ್ಗೆ ತೆರೆದುಕೊಳ್ಳದಿದ್ದರೆ ಏನು ಕಳೆದುಹೋಗುತ್ತದೆ? ಅದನ್ನು ಮತ್ತೆ ಕಟ್ಟಿ ನಿಲ್ಲಿಸಬಲ್ಲವರು ಊರಿನಲ್ಲಿ ಇದ್ದಾರೆಯೇ?

ಭೀಮೆಯ ಬಯಲು ಹೇಳುವ ಪಾಠ

ಈ ಪ್ರಶ್ನೆಯನ್ನು ಬೆಟ್ಟದ ಮೇಲೆ ನಿಂತು ಕೇಳುವುದಕ್ಕಿಂತ ಬಯಲಿಗೆ ಇಳಿದು ಕೇಳಿದರೆ ಅದರ ಮೊನೆ ಚೆನ್ನಾಗಿ ತಿಳಿಯುತ್ತದೆ. ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟುವ ಭೀಮಾ ನದಿ ಮಹಾರಾಷ್ಟ್ರವನ್ನು ದಾಟಿ ಕಲಬುರಗಿ ಜಿಲ್ಲೆಯ ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಅಂಚಿನಲ್ಲಿ ಹರಿದು ಮುಂದೆ ಕೃಷ್ಣೆಯನ್ನು ಸೇರುತ್ತದೆ. ಮಲೆಯಲ್ಲಿ ಬಿದ್ದ ಮಳೆ ಅಲ್ಲಿ ಪ್ರವಾಹವಾಗುತ್ತದೆ. 2020ರ ಅಕ್ಟೋಬರಿನಲ್ಲಿ ಹಾಗೂ 2025ರ ಸೆಪ್ಟೆಂಬರಿನಲ್ಲಿ ಭೀಮೆ ದಡ ಮೀರಿದಾಗ ಈ ಎರಡೂ ತಾಲ್ಲೂಕುಗಳ ನದಿತೀರದ ಊರುಗಳು ನೀರಿನಲ್ಲಿ ನಿಂತವು. ಉತ್ತರಕ್ಕಿರುವ ಆಳಂದ ತಾಲ್ಲೂಕಿಗೆ ನೆರೆಗಿಂತ ಬರದ ಪರಿಚಯವೇ ಹೆಚ್ಚು. ಮೂರೂ ತಾಲ್ಲೂಕುಗಳು ತೊಗರಿಯ ನಾಡು. 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಗುಲಬರ್ಗಾ ತೊಗರಿ ಬೇಳೆ ಇದೇ ಕರಿಮಣ್ಣಿನ ಫಲ.

ಗಣಕವೆಂಬ ಯಂತ್ರಕ್ಕೆ ಈ ಸೀಮೆ ಸುಖದ ನೆಲೆಯಲ್ಲ. ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟುತ್ತದೆ. ಕರಿಮಣ್ಣಿನ ನುಣ್ಣನೆಯ ಧೂಳು ಪಂಖಕ್ಕೆ ಮೆತ್ತಿಕೊಂಡು ಸಂಸ್ಕಾರಕವನ್ನು ಕಾಯಿಸುತ್ತದೆ. ವಿದ್ಯುತ್ತು ಹೋಗಿ ಬಂದು, ಬಂದು ಹೋಗಿ, ಬರೆಯುತ್ತಿದ್ದ ಕಡತವನ್ನು ಅರ್ಧದಲ್ಲೇ ತುಂಡರಿಸುತ್ತದೆ. ಮಲೆನಾಡಿನಲ್ಲಿ ಇವೇ ಕೆಲಸಗಳನ್ನು ಜಡಿಮಳೆಯ ತೇವ, ಸಿಡಿಲು ಮತ್ತು ಪೆಟ್ಟಿಗೆಯೊಳಗೆ ಗೂಡು ಕಟ್ಟುವ ಇರುವೆಗಳು ಮಾಡುತ್ತವೆ. ಕಾರಣ ಬೇರೆ, ಫಲ ಒಂದೇ. ಹಳ್ಳಿಯ ಗಣಕ ಎಂದೋ ಒಂದು ದಿನ ಕೆಡುವುದು ಖಚಿತ.

ಕೆಟ್ಟಾಗ ಹೋಗುವುದೇನು? ತೊಗರಿ ಬೆಳೆಗಾರರ ಗುಂಪಿನ ಸದಸ್ಯರ ಪಟ್ಟಿ, ಬೆಳೆವಿಮೆಗಾಗಿ ತೆಗೆದ ಹೊಲದ ಚಿತ್ರಗಳು, ಸ್ತ್ರೀಶಕ್ತಿ ಸಂಘದ ಉಳಿತಾಯದ ಪುಸ್ತಕ, ಗ್ರಾಮಸಭೆಯ ನಡಾವಳಿ, ಶಾಲೆಯ ಮಕ್ಕಳು ಬರೆದ ಊರಿನ ಚರಿತ್ರೆ. ಇವು ಯಾವ ಅಂಗಡಿಯಲ್ಲೂ ಸಿಗುವ ವಸ್ತುಗಳಲ್ಲ. ಯಂತ್ರವನ್ನು ಮತ್ತೆ ಕೊಳ್ಳಬಹುದು, ವಿಂಡೋಸನ್ನು ಮತ್ತೆ ಹಾಕಬಹುದು. 2022ರ ಹಂಗಾಮಿನಲ್ಲಿ ನೆಟೆರೋಗದಿಂದ ಒಣಗಿದ ತೊಗರಿ ಹೊಲದ ಚಿತ್ರವನ್ನು ಮತ್ತೆ ತೆಗೆಯಲಾಗದು.

ಎಲೆಗೆ ಸಿಂಪಡಿಸಿದರೆ ಬೇರು ವಾಸಿಯಾಗದು

ನೆಟೆರೋಗದ ಮಾತು ಬಂದುದರಿಂದ ಅದರ ಹೋಲಿಕೆಯನ್ನೇ ಮುಂದುವರಿಸಬಹುದು. ಗಿಡ ಸೊರಗುವುದು ಮೇಲೆ ಕಾಣುತ್ತದೆ. ಅದಕ್ಕೆ ಕಾರಣವಾದ ಶಿಲೀಂಧ್ರ ಮಣ್ಣಿನಲ್ಲಿ, ಹಿಂದಿನ ಬೆಳೆಯ ಕೂಳೆಯಲ್ಲಿ ವರ್ಷಗಟ್ಟಲೆ ಉಳಿದಿರುತ್ತದೆ. ಎಲೆಗೆ ಔಷಧ ಸಿಂಪಡಿಸಿದವರಿಗೆ ಖರ್ಚು ಬರುತ್ತದೆ, ಬೆಳೆ ಬರುವುದಿಲ್ಲ. ರೋಗನಿರೋಧಕ ತಳಿ, ಬೆಳೆ ಪರಿವರ್ತನೆ, ಶುದ್ಧ ಬೀಜ, ಬೀಜೋಪಚಾರ ಇವೇ ನಿಜವಾದ ದಾರಿಗಳು.

ಗಣಕದ ಕಾರ್ಯಾಚರಣಾ ವ್ಯವಸ್ಥೆ ಮಲಿನವಾಗುವ ಬಗೆಯೂ ಇದೇ. ಝೆರಾಕ್ಸ್ ಅಂಗಡಿಯಿಂದ ಬಂದ ಪೆನ್ ಡ್ರೈವ್ ಒಂದು ಕೀಟವನ್ನು ತರುತ್ತದೆ. ಕಡತಕೋಶಗಳೆಲ್ಲ ಅಡ್ಡದಾರಿಯ ಚಿಹ್ನೆಗಳಾಗಿ ಬದಲಾಗುತ್ತವೆ. ಅದನ್ನು ಓಡಿಸಲು ಒಬ್ಬರು ಒಂದು ವೈರಸ್ ನಿರೋಧಕ ಹಾಕುತ್ತಾರೆ, ಮತ್ತೊಬ್ಬರು ಇನ್ನೊಂದನ್ನು ಹಾಕುತ್ತಾರೆ. ಎರಡೂ ಪರಸ್ಪರ ಕಾದಾಡುತ್ತ ಯಂತ್ರದ ಶಕ್ತಿಯನ್ನೆಲ್ಲ ನುಂಗುತ್ತವೆ. ಪುಕ್ಕಟೆ ಸಿಕ್ಕಿತೆಂದು ಬೀಗ ಒಡೆದ ತಂತ್ರಾಂಶವೊಂದು ಬರುತ್ತದೆ. ಅದರ ಬೀಗ ಒಡೆದವರು ತಮ್ಮ ಕೀಲಿಯನ್ನೂ ಒಳಗೇ ಇಟ್ಟಿರುತ್ತಾರೆ. ಆಟಗಳು, ಚಿತ್ರ ತಿದ್ದುವ ಸಾಧನಗಳು, ಕೇಳದೆಯೇ ಸೇರಿಕೊಳ್ಳುವ ಪಟ್ಟಿಗಳು ಒಂದೊಂದಾಗಿ ಬೆಳಗಿನ ಪ್ರಾರಂಭದ ಸಾಲಿನಲ್ಲಿ ನಿಲ್ಲುತ್ತವೆ. ಎರಡು ವರ್ಷ ಕಳೆಯುವಷ್ಟರಲ್ಲಿ ಗಣಕ ತೆರೆದುಕೊಳ್ಳಲು ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಬೇಕಾಗುತ್ತದೆ.

ಆಗ ಜನ ಹೇಳುವುದು ಒಂದೇ ಮಾತು: ಯಂತ್ರ ಹಳೆಯದಾಯಿತು, ಹೊಸದು ತರಬೇಕು. ಯಂತ್ರ ಹಳೆಯದಾಗಿರುವುದು ನಿಜವಿರಬಹುದು. ಆದರೆ ಅದರ ನಿಧಾನಕ್ಕೆ ಬಹುಪಾಲು ಕಾರಣ ಅದರೊಳಗೆ ಬೆಳೆದ ಕಳೆ. ಕಳೆ ಕಿತ್ತು, ತಿರುಗುವ ಹಳೆಯ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಎಂಬ ಚಲನೆಯಿಲ್ಲದ ಸಂಗ್ರಹವನ್ನು ಕೂಡಿಸಿದರೆ ಹತ್ತು ವರ್ಷದ ಗಣಕವೂ ಪತ್ರವ್ಯವಹಾರಕ್ಕೆ, ಲೆಕ್ಕಪತ್ರಕ್ಕೆ, ಓದಿಗೆ ಸಾಕಷ್ಟು ಚುರುಕಾಗುತ್ತದೆ.

ಇಲ್ಲಿ ರೋಗವನ್ನೂ ಕೊರತೆಯನ್ನೂ ಬೇರ್ಪಡಿಸಿ ನೋಡುವುದು ಅಗತ್ಯ. ಎಲೆ ಹಳದಿಯಾದಾಗಲೆಲ್ಲ ಅದು ರೋಗವೇ ಎಂದು ರೈತರು ತೀರ್ಮಾನಿಸುವುದಿಲ್ಲ. ಹಾಗೆಯೇ ಡಿಸ್ಕು ಟಿಕ್ ಟಿಕ್ ಎಂದು ಸದ್ದು ಮಾಡುತ್ತಿದ್ದರೆ, ಕಡತಗಳು ನಕಲಾಗದೆ ನಡುವೆ ನಿಲ್ಲುತ್ತಿದ್ದರೆ, ಅದು ಯಂತ್ರಾಂಶದ ಸಾವಿನ ಸೂಚನೆ. ಅಂಥ ಡಿಸ್ಕಿನ ಮೇಲೆ ಹೊಸ ವ್ಯವಸ್ಥೆಯನ್ನು ಸ್ಥಾಪಿಸುವುದು ಒಡೆದ ಮಡಕೆಗೆ ನೀರು ತುಂಬಿದಂತೆ. ಮೊದಲು ಕಡತಗಳನ್ನು ಹೊರಗೆ ತೆಗೆಯಬೇಕು. ಉಳಿದ ಮಾತು ಆಮೇಲೆ.

ಕೆಟ್ಟಾಗ ಹಳ್ಳಿಯ ಗಣಕ ಸಾಮಾನ್ಯವಾಗಿ ಹೋಗುವುದು ತಾಲ್ಲೂಕು ಕೇಂದ್ರದ ದುರಸ್ತಿ ಅಂಗಡಿಗೆ. ಅಲ್ಲಿ ಕೆಲಸ ಮಾಡುವವರಿಗೂ ಬಿಡುವಿಲ್ಲ. ಯಾವ ಕಡತ ಬೇಕು, ಯಾವುದು ಬೇಡ ಎಂದು ಕೇಳುವವರಿಲ್ಲದಿದ್ದರೆ ಎಲ್ಲವನ್ನೂ ಅಳಿಸಿ, ಕೈಗೆ ಸಿಕ್ಕ ವಿಂಡೋಸ್ ಪ್ರತಿಯೊಂದನ್ನು ಹಾಕಿ ಕೊಡುವುದುಂಟು. ಗಣಕ ಬೆಳಗುತ್ತ ಮನೆಗೆ ಬರುತ್ತದೆ, ಒಳಗೆ ಏನೂ ಇರುವುದಿಲ್ಲ. ಇದರಲ್ಲಿ ಅಂಗಡಿಯವರ ತಪ್ಪಿಗಿಂತ ಒಡೆಯರ ಸಿದ್ಧತೆಯ ಕೊರತೆಯೇ ದೊಡ್ಡದು. ಸಿದ್ಧತೆ ಎಂದರೆ ಏನೆಂಬುದನ್ನು ಮುಂದೆ ನೋಡಬಹುದು.

ಬೀಜವನ್ನು ಬೇರೆ ಇಡುವ ಪದ್ಧತಿ

ಬಯಲುಸೀಮೆಯ ಹಿರಿಯರು ಜೋಳವನ್ನು ಹಗೇವಿನಲ್ಲಿ ತುಂಬುತ್ತಿದ್ದರು. ಬಿತ್ತನೆಯ ಬೀಜವನ್ನು ಅದರಲ್ಲಿ ಬೆರೆಸುತ್ತಿರಲಿಲ್ಲ. ಬೂದಿಯನ್ನೋ ಬೇವಿನ ಸೊಪ್ಪನ್ನೋ ಸೇರಿಸಿ ಬೇರೆ ಪಾತ್ರೆಯಲ್ಲಿ ಕಾಪಾಡುತ್ತಿದ್ದರು. ಹಗೇವಿಗೆ ನೀರು ನುಗ್ಗಿದರೂ ಮುಂದಿನ ವರ್ಷದ ಬಿತ್ತನೆ ನಿಲ್ಲಬಾರದೆಂಬುದು ಅದರ ಹಿಂದಿನ ವಿವೇಕ. ಗಣಕಕ್ಕೂ ಇದೇ ಸೂತ್ರ ಸಾಕು: ವ್ಯವಸ್ಥೆ ಬೇರೆ, ಬದುಕಿನ ಕಾಗದಪತ್ರ ಬೇರೆ. ಮೊದಲನೆಯದನ್ನು ಯಾವ ಕ್ಷಣದಲ್ಲಾದರೂ ಅಳಿಸಿ ಮತ್ತೆ ಹಾಕಲು ಬರುವಂತಿರಬೇಕು. ಎರಡನೆಯದನ್ನು ಯಾವ ಕಾರಣಕ್ಕೂ ಅಳಿಸುವಂತಾಗಬಾರದು.

ಈ ಸೂತ್ರ ಹೊಸದೇನಲ್ಲ. ಈ ಶತಮಾನದ ಆರಂಭದಲ್ಲಿ ಕರ್ನಾಟಕದ ಪಹಣಿಗಳು ಭೂಮಿ ಯೋಜನೆಯಡಿ ಗಣಕಕ್ಕೆ ಏರಿದವು; ಕೈಬರಹದ ಪಹಣಿಗೆ ಇದ್ದ ಮಾನ್ಯತೆ ಹೋಯಿತು. ಇಂದು ಜೇವರ್ಗಿಯ ಕೌಂಟರಿನ ಗಣಕ ಕೆಟ್ಟರೆ ಯಾರ ಹೊಲವೂ ಕಳೆದುಹೋಗುವುದಿಲ್ಲ, ಏಕೆಂದರೆ ಪಹಣಿಯ ದತ್ತಾಂಶ ಆ ಗಣಕದೊಳಗೆ ಇಲ್ಲ. ಅದು ರಾಜ್ಯದ ದತ್ತಾಂಶ ಕೇಂದ್ರದಲ್ಲಿದೆ. ಕೌಂಟರಿನ ಯಂತ್ರ ಕೇವಲ ಕಿಟಕಿ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆಂದು ಕೇಂದ್ರ ಸರ್ಕಾರವು 2022ರ ಜೂನ್ ತಿಂಗಳಲ್ಲಿ 2,516 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ಕೊಟ್ಟಾಗಲೂ 63,000 ಸಂಘಗಳನ್ನು ಒಂದೇ ತಂತ್ರಾಂಶದ ಮೂಲಕ ಬೆಸೆಯುವುದು ಉದ್ದೇಶವಾಗಿತ್ತು. ಸರ್ಕಾರದ ದಾಖಲೆಗೆ ಸಿಕ್ಕಿರುವ ಈ ರಕ್ಷಣೆ ಜನರ ಸ್ವಂತ ದಾಖಲೆಗೆ ಸಿಕ್ಕಿಲ್ಲ. ಅದನ್ನು ಜನರೇ ಒದಗಿಸಿಕೊಳ್ಳಬೇಕು. ಅದಕ್ಕೆ ಐದು ಕೆಲಸಗಳಿವೆ.

ಮೊದಲನೆಯದು, ಬೇರ್ಪಡಿಕೆ. ಹೊಸದಾಗಿ ವ್ಯವಸ್ಥೆ ಹಾಕುವಾಗಲೇ ಡಿಸ್ಕನ್ನು ಎರಡು ಭಾಗ ಮಾಡಬೇಕು. ಸಿ ಭಾಗದಲ್ಲಿ ವಿಂಡೋಸ್ ಮತ್ತು ತಂತ್ರಾಂಶಗಳು. ಡಿ ಭಾಗದಲ್ಲಿ ಕಡತಗಳು. ಬಹುಮಂದಿ ಎಲ್ಲವನ್ನೂ ಡೆಸ್ಕ್‌ಟಾಪಿನ ಮೇಲೆ ಇಡುತ್ತಾರೆ. ಕಣ್ಣೆದುರಿಗಿದೆ ಎಂಬ ಸಮಾಧಾನ ಅವರದು. ಡೆಸ್ಕ್‌ಟಾಪ್ ಇರುವುದು ಸಿ ಭಾಗದೊಳಗೇ. ಅದನ್ನೂ ಡಾಕ್ಯುಮೆಂಟ್ಸ್ ಕೋಶವನ್ನೂ ಅವುಗಳ ಗುಣಲಕ್ಷಣದ ಪುಟದಲ್ಲಿ ಸ್ಥಳ ಬದಲಿಸಿ ಡಿ ಭಾಗಕ್ಕೆ ಒಯ್ಯಲು ವಿಂಡೋಸಿನಲ್ಲೇ ಅವಕಾಶವಿದೆ. ಲಿನಕ್ಸ್ ಬಳಸುವವರು ಹೋಮ್ ಎಂಬ ಕೋಶಕ್ಕೆ ಪ್ರತ್ಯೇಕ ಭಾಗ ಕೊಟ್ಟರೆ ಅದೇ ಫಲ ದೊರೆಯುತ್ತದೆ. ದಿನನಿತ್ಯದ ಬಳಕೆಗೆ ಸಾಮಾನ್ಯ ಖಾತೆ, ತಂತ್ರಾಂಶ ಹಾಕುವುದಕ್ಕೆ ಮಾತ್ರ ಆಡಳಿತಗಾರರ ಖಾತೆ ಎಂಬ ಇನ್ನೊಂದು ಬೇರ್ಪಡಿಕೆಯೂ ಇರಲಿ. ಮನೆಯ ಎಲ್ಲ ಮಕ್ಕಳ ಕೈಗೂ ಕಣಜದ ಕೀಲಿ ಕೊಡುವ ಪದ್ಧತಿ ಯಾವ ಊರಲ್ಲೂ ಇಲ್ಲ.

ಎರಡನೆಯದು, ಒಂದು ನೋಟುಪುಸ್ತಕ. ಗಣಕದ ಪಕ್ಕದಲ್ಲೇ ದಾರ ಕಟ್ಟಿ ತೂಗುಹಾಕಬಹುದಾದ ಇಪ್ಪತ್ತು ರೂಪಾಯಿಯ ಪುಸ್ತಕ. ಯಾವ ತಂತ್ರಾಂಶ ಹಾಕಲಾಯಿತು, ಯಾವ ದಿನ, ಯಾವ ಕ್ರಮದಲ್ಲಿ, ಯಾರು ಹಾಕಿದರು. ಮುದ್ರಕದ ಮಾದರಿ ಯಾವುದು, ಅದರ ಚಾಲಕ ತಂತ್ರಾಂಶದ ಪ್ರತಿ ಎಲ್ಲಿದೆ. ಬೆರಳಚ್ಚು ಯಂತ್ರಕ್ಕೆ, ಡಿಜಿಟಲ್ ಸಹಿಯ ಟೋಕನ್ನಿಗೆ ಏನು ಬೇಕು, ಎಲ್ಲವನ್ನೂ ಕೈಬರಹದಲ್ಲಿ ಬರೆಯಬೇಕು. ಗಣಕ ಸತ್ತಾಗ ಗಣಕದೊಳಗಿನ ಟಿಪ್ಪಣಿ ಓದಲು ಸಿಗುವುದಿಲ್ಲ, ಕಾಗದ ಸಿಗುತ್ತದೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕು ತಾನಾಗಿಯೇ ಗೂಢಲಿಪೀಕರಣಗೊಂಡಿರುವುದುಂಟು. ಬಿಟ್‌ಲಾಕರ್ ಎಂಬ ಆ ಬೀಗದ 48 ಅಂಕಿಗಳ ಮರುಪ್ರಾಪ್ತಿ ಸಂಖ್ಯೆಯನ್ನು ಬೇರೊಂದು ಹಾಳೆಯಲ್ಲಿ ಬರೆದು ಬೀರುವಿನಲ್ಲಿ ಇಡಬೇಕು. ಅದಿಲ್ಲದೆ ಒಳಗಿನ ಕಡತಗಳನ್ನು ಯಾರಿಂದಲೂ ತೆರೆಯಲಾಗದು. ಪುಸ್ತಕದಿಂದ ಇನ್ನೊಂದು ಪ್ರಯೋಜನವೂ ಇದೆ. ಬರೆಯಬೇಕಾಗುತ್ತದೆ ಎಂಬ ಅಳುಕಿನಿಂದಲೇ ಬೇಡದ ತಂತ್ರಾಂಶ ಹಾಕುವುದು ಅರ್ಧಕ್ಕರ್ಧ ತಗ್ಗುತ್ತದೆ.

ಮೂರನೆಯದು, ಪ್ರಮಾಣಿತ ಬೀಜ. ಬೀಜ ನಿಗಮದ ಚೀಲಕ್ಕೆ ಬಣ್ಣದ ಚೀಟಿ ಇರುವುದನ್ನು ರೈತರು ಬಲ್ಲರು: ಮೂಲ ಬೀಜಕ್ಕೆ ಹಳದಿ, ಅಡಿಪಾಯ ಬೀಜಕ್ಕೆ ಬಿಳಿ, ಪ್ರಮಾಣಿತ ಬೀಜಕ್ಕೆ ನೀಲಿ. ಚೀಟಿಯಿಲ್ಲದ ಬೀಜವನ್ನು ತಿಳಿದವರು ಬಿತ್ತುವುದಿಲ್ಲ. ಕಾರ್ಯಾಚರಣಾ ವ್ಯವಸ್ಥೆಯ ಸ್ಥಾಪನಾ ಪ್ರತಿಯೂ ಬೀಜವೇ. ಅದನ್ನು ತಯಾರಿಸಿದ ಸಂಸ್ಥೆಯಿಂದಲೇ ನೇರವಾಗಿ ಪಡೆಯಬೇಕು. ವಿಂಡೋಸಿಗಾಗಿ ಮೈಕ್ರೋಸಾಫ್ಟ್ ಒದಗಿಸುವ ಸಾಧನವೊಂದು 8 ಜಿಬಿ ಪೆನ್ ಡ್ರೈವನ್ನು ಸ್ಥಾಪನೆಗೆ ಸಿದ್ಧಗೊಳಿಸುತ್ತದೆ. ಆಗ ಆ ಪೆನ್ ಡ್ರೈವಿನಲ್ಲಿ ಇದ್ದದ್ದೆಲ್ಲ ಅಳಿಯುತ್ತದೆ ಎಂಬುದನ್ನು ಮರೆಯಬಾರದು. ಲಿನಕ್ಸ್ ಪ್ರತಿಯ ಜೊತೆಗೆ ಅಕ್ಷರ ಮತ್ತು ಅಂಕಿಗಳು ಬೆರೆತ 64 ಚಿಹ್ನೆಗಳ ಪರೀಕ್ಷಾ ಸಂಖ್ಯೆಯನ್ನು ಪ್ರಕಟಿಸಿರುತ್ತಾರೆ. ಇಳಿಸಿಕೊಂಡ ಪ್ರತಿಯಿಂದ ಅದೇ ಸಂಖ್ಯೆ ಹೊರಟರೆ ಬೀಜ ಶುದ್ಧ. ಒಂದು ಚಿಹ್ನೆ ತಪ್ಪಿದರೂ ಬಿಸಾಡಬೇಕು. ಕಾನೂನುಬದ್ಧವಾಗಿ ವಿಂಡೋಸ್ 10 ಅಥವಾ 11 ಬಂದಿರುವ ಯಂತ್ರದಲ್ಲಿ ಅದನ್ನೇ ಮತ್ತೆ ಹಾಕಲು ಸಾಮಾನ್ಯವಾಗಿ ಹೊಸ ಪರವಾನಗಿ ಕೊಳ್ಳಬೇಕಾಗಿಲ್ಲ, ಪರವಾನಗಿ ಆ ಯಂತ್ರಾಂಶಕ್ಕೇ ಅಂಟಿಕೊಂಡಿರುತ್ತದೆ. ಇದು ತಿಳಿಯದೆಯೇ ಎಷ್ಟೋ ಗಣಕಗಳಲ್ಲಿ ಅಸಲಿಯ ಜಾಗಕ್ಕೆ ಬೀಗ ಒಡೆದ ಪ್ರತಿಗಳು ಬಂದು ಕುಳಿತಿವೆ.

ಶುದ್ಧ ವ್ಯವಸ್ಥೆ, ಅಗತ್ಯ ತಂತ್ರಾಂಶ, ಕನ್ನಡ, ಮುದ್ರಕ ಇಷ್ಟನ್ನು ಹಾಕಿ ಮುಗಿಸಿದ ಕೂಡಲೇ, ಅಂತರಜಾಲದಲ್ಲಿ ಅಲೆಯುವ ಮೊದಲೇ, ಸಿ ಭಾಗದ ಪೂರ್ಣ ಪಡಿಯಚ್ಚನ್ನು ಹೊರಗಿನ ಡಿಸ್ಕಿನಲ್ಲಿ ತೆಗೆದಿಡುವುದು ಇನ್ನೂ ಉತ್ತಮ. ಕ್ಲೋನ್‌ಜಿಲ್ಲಾ ಎಂಬ ಸ್ವತಂತ್ರ ತಂತ್ರಾಂಶ ಈ ಕೆಲಸಕ್ಕೆ ಪುಕ್ಕಟೆಯಾಗಿ ದೊರೆಯುತ್ತದೆ. ಇಡೀ ದಿನ ಹಿಡಿಯುತ್ತಿದ್ದ ಮರುಸ್ಥಾಪನೆ ಆಗ ಒಂದು ಗಂಟೆಯ ಕೆಲಸವಾಗುತ್ತದೆ. ಒಂದೇ ಮಾದರಿಯ ಹತ್ತು ಗಣಕಗಳಿರುವ ಶಾಲೆಗೆ ಒಂದು ಪಡಿಯಚ್ಚು ಸಾಕಾಗುತ್ತದೆ.

ನಾಲ್ಕನೆಯದು, ಮೂರು ಪ್ರತಿಗಳು. ಡಿ ಭಾಗದಲ್ಲಿ ಇಟ್ಟರೆ ಕಡತ ಭದ್ರವೆಂದು ತಿಳಿಯುವುದು ಅಪಾಯಕಾರಿ ಭ್ರಮೆ. ಸಿ ಮತ್ತು ಡಿ ಒಂದೇ ಡಿಸ್ಕಿನ ಎರಡು ಕೋಣೆಗಳು. ಮನೆ ಬಿದ್ದರೆ ಎರಡೂ ಬೀಳುತ್ತವೆ. ಮರುಸ್ಥಾಪನೆಯ ವೇಳೆ ತಪ್ಪು ಭಾಗವನ್ನು ಆರಿಸಿ ಅಳಿಸಿಬಿಡುವುದೂ ಅಪರೂಪವಲ್ಲ. ಆದುದರಿಂದ ಮುಖ್ಯ ಕಡತಗಳ ಮೂರು ಪ್ರತಿ ಇರಬೇಕು, ಎರಡು ಬಗೆಯ ಸಂಗ್ರಹದಲ್ಲಿರಬೇಕು, ಅವುಗಳಲ್ಲಿ ಒಂದು ಬೇರೆ ಊರಿನಲ್ಲಿರಬೇಕು. ಬೇರೆ ಊರು ಎಂಬ ಮಾತಿನ ತೂಕವನ್ನು ಭೀಮಾತೀರ ಚೆನ್ನಾಗಿ ಬಲ್ಲದು. ನೆರೆ ಬಂದ ದಿನ ಮೇಜಿನ ಮೇಲಿನ ಗಣಕವೂ ಅದರ ಖಾನೆಯೊಳಗಿನ ಪೆನ್ ಡ್ರೈವೂ ಒಟ್ಟಿಗೆ ಮುಳುಗುತ್ತವೆ. ಅಫಜಲಪುರ ತಾಲ್ಲೂಕಿನ ನದಿದಂಡೆಯ ಶಾಲೆಯ ಒಂದು ಪ್ರತಿ ಆಳಂದದ ಎತ್ತರದ ಊರಿನ ಶಾಲೆಯಲ್ಲಿದ್ದು, ಅಲ್ಲಿನದು ಇಲ್ಲಿದ್ದರೆ ಖರ್ಚು ಎರಡು ಪೆನ್ ಡ್ರೈವುಗಳಷ್ಟೇ. ಗುಡ್ಡ ಕುಸಿಯುವ ಮಲೆನಾಡಿನ ಊರುಗಳಿಗೂ ಇದೇ ಏರ್ಪಾಟು ಒಪ್ಪುತ್ತದೆ.

ಐದನೆಯದು, ತಾಲೀಮು. ಮೊಳಕೆ ಪರೀಕ್ಷೆ ಮಾಡದೆ ಬೀಜದ ಶಕ್ತಿ ತಿಳಿಯದು. ನೂರು ಕಾಳುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಎಷ್ಟು ಮೊಳೆತವೆಂದು ಎಣಿಸುವಂತೆ, ಪ್ರತಿ ತೆಗೆದ ಕಡತಗಳಲ್ಲಿ ಕೆಲವನ್ನು ಬೇರೆ ಗಣಕದಲ್ಲಿ ತೆರೆದು ನೋಡಬೇಕು. ಸ್ಥಾಪನೆಯ ಪೆನ್ ಡ್ರೈವಿನಿಂದ ಯಂತ್ರ ಏಳುತ್ತದೆಯೇ ಎಂದು ಪರೀಕ್ಷಿಸಬೇಕು. ಬೇಸಿಗೆ ರಜೆಯಲ್ಲಿ, ಹೊಲಗಳಿಗೆ ಮಾಗಿ ಉಳುಮೆ ಮುಗಿದ ದಿನಗಳಲ್ಲಿ, ವರ್ಷಕ್ಕೊಮ್ಮೆ ಒಂದಾದರೂ ಗಣಕವನ್ನು ಪೂರ್ತಿ ಅಳಿಸಿ ಮತ್ತೆ ಕಟ್ಟಬೇಕು. ಹೊರಗಿನ ಡಿಸ್ಕನ್ನು ಬಿಚ್ಚಿಟ್ಟು, ನೋಟುಪುಸ್ತಕವನ್ನು ಮುಂದಿಟ್ಟುಕೊಂಡು, ಈ ಕೆಲಸವನ್ನು ವಿದ್ಯಾರ್ಥಿಗಳೇ ಮಾಡಲಿ. ಎಲ್ಲಿ ತಡೆಯಾಯಿತೋ ಅದನ್ನು ಪುಸ್ತಕದಲ್ಲಿ ಸೇರಿಸಲಿ. ಎರಡು ವರ್ಷಗಳಲ್ಲಿ ಆ ಪುಸ್ತಕವೇ ಊರಿನ ತಂತ್ರಜ್ಞರಾಗುತ್ತದೆ.

ಕನ್ನಡದ ಕಡತಗಳಿಗೊಂದು ಎಚ್ಚರಿಕೆ

ಕನ್ನಡಿಗರ ಗಣಕಗಳಿಗೆ ಇನ್ನೊಂದು ವಿಶೇಷ ತೊಡಕಿದೆ. ಶೇಷಾದ್ರಿವಾಸು ಅವರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಈ ಎರಡು ತಂತ್ರಾಂಶಗಳಿಂದಾಗಿ ಕನ್ನಡ ಬೆರಳಚ್ಚು ಹಳ್ಳಿಹಳ್ಳಿಗೂ ತಲುಪಿತು. ಮೂಡಿಗೆರೆಯ ತೋಟದಲ್ಲಿ ಕುಳಿತು ಪೂರ್ಣಚಂದ್ರ ತೇಜಸ್ವಿಯವರು ಕನ್ನಡ ತಂತ್ರಾಂಶಕ್ಕಾಗಿ ವಾದಿಸಿದ್ದನ್ನು ಮಲೆನಾಡು ಮರೆತಿಲ್ಲ. ಆದರೆ ಹಳೆಯ ನುಡಿ ಮತ್ತು ಬರಹದ ಕಡತಗಳಲ್ಲಿ ಇರುವುದು ವಾಸ್ತವವಾಗಿ ಇಂಗ್ಲಿಷ್ ಸಂಕೇತಗಳು. ಕನ್ನಡದ ಆಕಾರವನ್ನು ಕೊಡುವುದು ಅಕ್ಷರಶೈಲಿಯ ಕಡತ ಮಾತ್ರ. ವ್ಯವಸ್ಥೆಯನ್ನು ಮರುಸ್ಥಾಪಿಸಿದಾಗ ಆ ಅಕ್ಷರಶೈಲಿ ಅಳಿದರೆ ಹದಿನೈದು ವರ್ಷಗಳ ನಡಾವಳಿ ಅರ್ಥವಿಲ್ಲದ ಗೀಚುಗಳಾಗಿ ಕಾಣುತ್ತದೆ. ಕಡತ ಕೆಟ್ಟಿತೆಂದು ಭಾವಿಸಿ ಅಳಿಸಿಬಿಟ್ಟವರೂ ಇರಬಹುದು.

ಪರಿಹಾರ ಎರಡು. ತಕ್ಷಣಕ್ಕೆ, ಆ ಅಕ್ಷರಶೈಲಿಗಳನ್ನೂ ಸ್ಥಾಪನಾ ಕಡತವನ್ನೂ ಡಿ ಭಾಗದಲ್ಲಿ, ಹೊರಗಿನ ಪ್ರತಿಗಳಲ್ಲಿ ಇಟ್ಟುಕೊಳ್ಳಬೇಕು. ದೀರ್ಘಕಾಲಕ್ಕೆ, ಹಳೆಯ ಕಡತಗಳನ್ನು ಯೂನಿಕೋಡ್ ಸಂಕೇತಕ್ಕೆ ಪರಿವರ್ತಿಸಬೇಕು. ಅದಕ್ಕೆ ಬೇಕಾದ ಪರಿವರ್ತಕಗಳು ನುಡಿ ಮತ್ತು ಬರಹ ಎರಡರಲ್ಲೂ ಇವೆ. ಯೂನಿಕೋಡಿನಲ್ಲಿ ಬರೆದ ಕನ್ನಡವು ಯಾವ ಯಂತ್ರದಲ್ಲೂ, ಯಾವ ವ್ಯವಸ್ಥೆಯಲ್ಲೂ, ಮೊಬೈಲಿನಲ್ಲೂ ಕನ್ನಡವಾಗಿಯೇ ಉಳಿಯುತ್ತದೆ. ಒತ್ತಕ್ಷರಗಳು ಪರಿವರ್ತನೆಯಲ್ಲಿ ಅಲ್ಲಲ್ಲಿ ತಪ್ಪುವುದರಿಂದ ಮೂಲ ಕಡತವನ್ನು ಅಳಿಸದೆ, ಪರಿವರ್ತಿಸಿದ ಪ್ರತಿಯನ್ನು ಓದಿ ತಿದ್ದುವುದು ಒಳಿತು. ರಜೆಯಲ್ಲಿ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಕನ್ನಡದ ಅಭ್ಯಾಸ ಬೇರೆ ಇರಲಾರದು.

ಸ್ವತಂತ್ರ ತಂತ್ರಾಂಶದ ದಾರಿ ಮತ್ತು ಅದರ ಮಿತಿ

ವಿಂಡೋಸ್ 11 ಒಲ್ಲದ ಯಂತ್ರಗಳನ್ನು ಏನು ಮಾಡಬೇಕು? ಲಿನಕ್ಸ್ ಆಧಾರಿತ ಸ್ವತಂತ್ರ ವ್ಯವಸ್ಥೆಗಳು ಅವುಗಳ ಮೇಲೆ ಸಲೀಸಾಗಿ ನಡೆಯುತ್ತವೆ. ಲಿನಕ್ಸ್ ಮಿಂಟ್ 4 ಜಿಬಿ ಸ್ಮೃತಿಯ ಹಳೆಯ ಗಣಕದಲ್ಲೂ ಆರಾಮವಾಗಿ ಓಡುತ್ತದೆ. ಲಿಬ್ರೆ ಆಫೀಸ್ ಜೊತೆಗೇ ಬರುತ್ತದೆ. ಕನ್ನಡ ಗಣಕ ಪರಿಷತ್ತಿನ ಕಗಪ ಕೀಲಿಮಣೆ ವಿನ್ಯಾಸವೂ ಅದರಲ್ಲಿ ಸಿದ್ಧವಾಗಿದೆ. ಒಬ್ಬರು ಒಮ್ಮೆ ಇಳಿಸಿಕೊಂಡ ಪ್ರತಿಯನ್ನು ಇಡೀ ಊರಿಗೆ ಹಂಚುವುದು ಇಲ್ಲಿ ಕಾನೂನಿಗೆ ಸಮ್ಮತ. ಬೀಜವನ್ನು ಕೈಯಿಂದ ಕೈಗೆ ದಾಟಿಸಿಕೊಂಡು ಬಂದ ಸಮಾಜಕ್ಕೆ ಈ ನಿಯಮ ಅಪರಿಚಿತವಾಗಿ ಕಾಣಲಾರದು.

ನೆರೆಯ ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಈ ದಾರಿಯಲ್ಲೇ ನಡೆದಿವೆ. ಅಲ್ಲಿನ ಕೈಟ್ ಸಂಸ್ಥೆ ಶಾಲೆಗಳಿಗೆಂದೇ ಒಗ್ಗಿಸಿದ ಗ್ನೂ-ಲಿನಕ್ಸ್ ವ್ಯವಸ್ಥೆಯನ್ನು ಸಿದ್ಧಪಡಿಸಿ ಕೊಡುತ್ತದೆ. ಕೇರಳದ ಪಠ್ಯಕ್ರಮಕ್ಕೆ ಒಳಪಟ್ಟ ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳೂ ಆ ಏರ್ಪಾಟಿನ ಭಾಗ. ಒಂದೇ ಬಗೆಯ ವ್ಯವಸ್ಥೆ ಎಲ್ಲೆಡೆ ಇರುವುದರಿಂದ ಕೆಟ್ಟ ಗಣಕವನ್ನು ಮತ್ತೆ ಕಟ್ಟುವುದು ಅಲ್ಲಿ ಶಿಕ್ಷಕರಿಗೂ ಮಕ್ಕಳಿಗೂ ಕೈವಶವಾದ ಕೆಲಸವಾಗುತ್ತದೆ. ಕಲಬುರಗಿ ಸೀಮೆಯಲ್ಲಿ ಇಂಥ ಕೆಲಸಕ್ಕೆ ಹೆಗಲು ಕೊಡಬಲ್ಲ ವಿದ್ಯಾಸಂಸ್ಥೆಗಳಿಗೆ ಕೊರತೆಯಿಲ್ಲ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇರುವುದೇ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ. ಮೂರು ತಾಲ್ಲೂಕುಗಳ ಶಾಲೆಗಳಿಗೂ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಿಗೂ ಒಂದು ಶುದ್ಧ ಪಡಿಯಚ್ಚು ಸಿದ್ಧಪಡಿಸಿ ಹಂಚುವುದು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಒಂದು ಬೇಸಿಗೆಯ ಕೆಲಸ.

ಆದರೆ ಉತ್ಸಾಹದಲ್ಲಿ ಮಿತಿಯನ್ನು ಮರೆಯಬಾರದು. ಕೆಲವು ಬೆರಳಚ್ಚು ಯಂತ್ರಗಳು, ಡಿಜಿಟಲ್ ಸಹಿಯ ಟೋಕನ್ನುಗಳು, ಲೆಕ್ಕಪತ್ರದ ತಂತ್ರಾಂಶಗಳು ವಿಂಡೋಸನ್ನೇ ಬೇಡುತ್ತವೆ. ಅಂಥ ಕೆಲಸ ನಡೆಯುವ ಗಣಕದಲ್ಲಿ ವಿಂಡೋಸ್ ಇರಲಿ, ಪರವಾನಗಿ ಪಡೆದದ್ದೂ ಪರಿಷ್ಕರಣೆ ಸಿಗುವಂಥದ್ದೂ ಆಗಿರಲಿ. ಓದು, ಬರಹ, ಕಲಿಕೆಗೆ ಇರುವ ಗಣಕಗಳಿಗೆ ಲಿನಕ್ಸ್ ಇರಲಿ. ಯಾವ ಹೊಲಕ್ಕೆ ಯಾವ ಬೆಳೆ ಎಂದು ನೋಡಿ ಬಿತ್ತುವ ವಿವೇಕವೇ ಇಲ್ಲಿಯೂ ದಾರಿದೀಪ.

ಎಲ್ಲವೂ ಮೊಬೈಲಿನಲ್ಲಿದೆ, ಮೋಡದಲ್ಲಿದೆ, ಇಷ್ಟೆಲ್ಲ ಏತಕ್ಕೆ ಎಂಬ ಮಾತು ಈಗ ಸಾಮಾನ್ಯ. ದೂರದ ಸರ್ವರಿನಲ್ಲಿ ಒಂದು ಪ್ರತಿ ಇರುವುದು ಒಳ್ಳೆಯದೇ. ಅದು ಮೂರರಲ್ಲಿ ಒಂದಾಗಲಿ. ಆದರೆ ತಾನೇ ಹೊಂದಿಸಿಕೊಳ್ಳುವ ಅಂಥ ಸಂಗ್ರಹದಲ್ಲಿ ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಇಲ್ಲಿ ಕೆಟ್ಟದ್ದು ಅಲ್ಲಿಯೂ ಕೆಡುತ್ತದೆ. ಖಾತೆಯ ಗುಪ್ತಪದ ಒಬ್ಬರ ಬಳಿಯಿದ್ದು ಅವರು ಊರು ಬಿಟ್ಟರೆ ಸಂಘದ ದಾಖಲೆಯೆಲ್ಲ ಅವರೊಂದಿಗೇ ಹೋಗುತ್ತದೆ. ಗೋಪುರದ ಸಂಕೇತ ಸಿಗದ ಕಣಿವೆಯ ಊರುಗಳಿಗೆ ಮೋಡವೆಂದರೆ ಇಂದಿಗೂ ಮಳೆಯ ಮೋಡವೇ.

ಊರಿನ ಕೈಗೆ ಬರಬೇಕಾದ ವಿದ್ಯೆ

ವಿದ್ಯುನ್ಮಾನ ತ್ಯಾಜ್ಯ ನಿರ್ವಹಣೆಯ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ತಯಾರಕರ ಮೇಲೆ ಅವು ಹೊಣೆ ಹೊರಿಸಿವೆ. ಸತ್ತ ಡಿಸ್ಕು, ಉಬ್ಬಿದ ಬ್ಯಾಟರಿಗಳನ್ನು ಗುಜರಿಗೆ ಎಸೆಯದೆ ನೋಂದಾಯಿತ ಸಂಗ್ರಾಹಕರಿಗೆ ತಲುಪಿಸುವುದು ನಾಗರಿಕರ ಕರ್ತವ್ಯವೂ ಹೌದು. ಆದರೂ ಅತಿ ಕಡಿಮೆ ಮಾಲಿನ್ಯ ಮಾಡುವ ಗಣಕವೆಂದರೆ ಇನ್ನೂ ಐದು ವರ್ಷ ಕೆಲಸ ಮಾಡುವ ಹಳೆಯ ಗಣಕ. ಆ ಐದು ವರ್ಷಗಳನ್ನು ಕೊಡುವವರು ಅದನ್ನು ಶುದ್ಧವಾಗಿಟ್ಟುಕೊಂಡು ಮತ್ತೆ ಕಟ್ಟಬಲ್ಲ ಊರಿನವರೇ.

ನೇಗಿಲು ಮುರಿದರೆ ಊರಿನ ಬಡಗಿ ಸರಿಪಡಿಸುತ್ತಿದ್ದ; ಅವನಿಗೆ ಅದು ಕಟ್ಟಿದ ಬಗೆ ತಿಳಿದಿತ್ತು. ಗಣಕ ಹಳ್ಳಿಗೆ ಬಂತು, ಅದನ್ನು ಕಟ್ಟುವ ವಿದ್ಯೆ ಬರಲಿಲ್ಲ. ಅದರ ಫಲವಾಗಿ ಒಂದು ಕೀಟ ಹೊಕ್ಕರೂ, ದೂರದ ಸಂಸ್ಥೆಯೊಂದು ದಿನಾಂಕ ಘೋಷಿಸಿದರೂ ಯಂತ್ರವನ್ನು ಮೂಲೆಗೆ ಸರಿಸುವುದೊಂದೇ ದಾರಿಯೆಂಬಂತಾಗಿದೆ. ಅಳಿಸಿ ಮತ್ತೆ ಕಟ್ಟಲು ಬಂದಾಗ ಮಾತ್ರ ಯಂತ್ರ ಊರಿನದಾಗುತ್ತದೆ. ಅಲ್ಲಿಯವರೆಗೆ ಅದು ಎರವಲು.

ಈ ಸಂಚಿಕೆಯನ್ನು ಓದಿ ಮುಗಿಸಿದ ವಿದ್ಯಾರ್ಥಿಗಳು ತಮ್ಮ ಶಾಲೆಯ ಅಥವಾ ಸಂಘದ ಒಂದು ಗಣಕದ ಮುಂದೆ ಕುಳಿತು ಮೂರು ಸಂಗತಿಗಳನ್ನು ನೋಡಲಿ. ಕಡತಗಳು ಸಿ ಭಾಗದಲ್ಲಿವೆಯೋ ಡಿ ಭಾಗದಲ್ಲಿವೆಯೋ? ಅವುಗಳ ಎರಡನೆಯ ಪ್ರತಿ ಎಲ್ಲಿದೆ? ಸ್ಥಾಪನೆಯ ಪೆನ್ ಡ್ರೈವ್ ಯಾರ ಬಳಿ ಇದೆ? ಉತ್ತರ ಸಿಗದ ಪ್ರಶ್ನೆಯಿಂದಲೇ ಕೆಲಸ ಆರಂಭವಾಗಲಿ. ಭೀಮೆ ತುಂಬುವ ಮೊದಲು, ಮಲೆಯಲ್ಲಿ ಗುಡುಗು ಕಟ್ಟುವ ಮೊದಲು, ಮೊದಲ ಪ್ರತಿ ಊರಿನ ಆಚೆಗೆ ಹೋಗಿ ಸೇರಲಿ.